ಬರೀ ಮೂತಿಯ ತುಂಡು ನೋಡಿ ಟೆರೋಸಾರ್‌ಗೆ ಹೊಸ ಹೆಸರು ಹೇಗೆ ಕೊಡುತ್ತಾರೆ?

ಮುಖ್ಯವಾಗಿ ಹಲ್ಲುಗಳು ಕೂತಿರುವ ರೀತಿ ನೋಡಿ. ಕೊಲೊಬೊರಿಂಕಸ್ ಎಂಬ ಟೆರೋಸಾರ್, ಅಂದರೆ ಡೈನೋಸಾರ್ ಕಾಲದ ಹಾರುವ ಸರೀಸೃಪವನ್ನೇ ತಗೊಳ್ಳಿ. ಇಂಗ್ಲೆಂಡಿನಲ್ಲಿ ಸಿಕ್ಕ, ಸುಮಾರು 14 ಕೋಟಿ ವರ್ಷ ಹಳೆಯ ಮೇಲ್ದವಡೆಯ ತುದಿಯೊಂದರಿಂದಲೇ ಬ್ರಿಟಿಷ್ ಜೀವವಿಜ್ಞಾನಿ ರಿಚರ್ಡ್ ಓವೆನ್ 1874ರಲ್ಲಿ ಇದಕ್ಕೆ ಹೆಸರಿಟ್ಟರು. ಡೈನೋಸಾರ್ ಯುಗದ ಕೊನೆಯ ಘಟ್ಟವಾದ ಕ್ರಿಟೇಷಿಯಸ್ ಕಾಲದ ಆರಂಭದ ಪ್ರಾಣಿ ಇದು. ಮೂತಿಯ ಮುಂಭಾಗ ಚಪ್ಪಟೆ. ಮೊದಲ ಜೋಡಿ ಹಲ್ಲಿನ ಗುಳಿಗಳು ಉಳಿದವುಗಳಿಗಿಂತ ಮೇಲಿದ್ದು, ಮುಂದಕ್ಕೆ ತೆರೆದಿವೆ. ಇಂಥ ಜೋಡಣೆ ಒಂದೊಂದು ಬಗೆಯ ಟೆರೋಸಾರ್‌ನಲ್ಲಿ ಒಂದೊಂದು ಥರ ಇರುತ್ತದೆ.

ಉಳಿದ ಮೂಳೆಗಳು ಎಲ್ಲಿ ಹೋದವು? ಹಾರಬೇಕಾದರೆ ಮೈ ಹಗುರ ಇರಬೇಕು ಅಲ್ವಾ? ಹಾಗಾಗಿ ಟೆರೋಸಾರ್ ಮೂಳೆಗಳು ಟೊಳ್ಳು, ಅವುಗಳ ಗೋಡೆ ತೀರಾ ತೆಳು. ಮಣ್ಣು ಸೇರುವಾಗ ಸುಲಭವಾಗಿ ಪುಡಿಯಾಗುತ್ತವೆ. ಹಲ್ಲಿನ ಬೇರು ಹಿಡಿದಿದ್ದ ದವಡೆಯ ತುದಿ ಸ್ವಲ್ಪ ಗಟ್ಟಿ, ಅದು ಉಳಿಯುತ್ತದೆ. ರೆಕ್ಕೆಯ ಅಗಲ ಮಾತ್ರ ಇಷ್ಟರಿಂದ ಗೊತ್ತಾಗುವುದಿಲ್ಲ. ಹತ್ತಿರದ ಸಂಬಂಧಿಗಳ ಅಳತೆ ಇಟ್ಟುಕೊಂಡು ಅಂದಾಜು ಮಾಡಬೇಕು.