ಶಿರಾಜ್ ಕುಡಿದರೆ ಬಾಯೆಲ್ಲ ಒಗರಾಗುತ್ತೆ, ಅದು ಕೆಟ್ಟ ವೈನಾ?

ಮೈಸೂರಿನಲ್ಲಿ ಶಿರಾಜ್ (ಅದೇ ಹೆಸರಿನ ಕಪ್ಪು ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್) ಬಾಟಲ್ ತಂದಿರಿ, ಮೊದಲ ಗುಟುಕಿಗೇ ಬಾಯಿ ಒಗರಾಯಿತು, ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದ್ದೀರಿ. ನಾನೂ ಇದೇ ಊರಿನವನು, ಇಲ್ಲಿನ ಸೆಕೆ ಗೊತ್ತು. ಹಾಗಾಗಿ ಮೊದಲು ನೋಡಬೇಕಾದದ್ದು ಬಾಟಲ್ ಎಷ್ಟು ಬಿಸಿ ಇತ್ತು ಅನ್ನೋದು.

ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನುವ ಮಾತು ಯುರೋಪಿನ ಚಳಿ ಮನೆಗಳದ್ದು. ಶಿರಾಜ್‌ಗೆ 16ರಿಂದ 18 ಡಿಗ್ರಿ ಸರಿ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೆ ಸುಲಭವಾಗಿ 30 ಇರುತ್ತದೆ. ಅಷ್ಟು ಬಿಸಿಯಲ್ಲಿ ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಸಿಗುವುದೇ ಇಲ್ಲ. ಒಂದು ಗಂಟೆಯಾದರೂ ಫ್ರಿಜ್ಜಿನಲ್ಲಿಡಿ. ತೀರಾ ತಣ್ಣಗೂ ಬೇಡ, ಆಗ ಒಗರು ಇನ್ನೂ ಜಾಸ್ತಿ ಕಾಣುತ್ತದೆ.

ಒಗರು ಟ್ಯಾನಿನ್ ಎಂಬ ಅಂಶದ್ದು. ಕೆಂಪು ವೈನಿಗೆ ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣವೂ ಒಗರೂ ಅಲ್ಲಿಂದಲೇ ಇಳಿಯುತ್ತವೆ. ಟ್ಯಾನಿನ್ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡಾಗ ಬಾಯಿಯ ಜಾರಿಕೆ ಹೋಗಿ ನಾಲಿಗೆ ಒಣಗಿದಂತಾಗುತ್ತದೆ. ನಮ್ಮಲ್ಲಿ ಬಹಳ ಜನ ಮೊದಲು ಕುಡಿಯುವುದು ಸಿಹಿ ಪೋರ್ಟ್ ವೈನ್. ಶಿರಾಜ್‌ನಲ್ಲಿ ಸಕ್ಕರೆ ಹೆಚ್ಚುಕಮ್ಮಿ ಎಲ್ಲ ಆಲ್ಕೋಹಾಲ್ ಆಗಿಬಿಟ್ಟಿರುತ್ತದೆ, ಅದಕ್ಕೇ ಒಗರು ಇಷ್ಟು ಎದ್ದು ಕಾಣುವುದು. ಅದು ದೋಷ ಅಲ್ಲ. ನೇರಳೆ ಹಣ್ಣಿನಲ್ಲೂ ಒಗರಿದೆ, ಅದರ ಜೊತೆ ರಸ, ಹುಳಿ, ಪರಿಮಳ ಇರುವುದರಿಂದ ಇನ್ನೊಂದು ತಿನ್ನೋಣ ಅನ್ನಿಸುತ್ತೆ, ಅಲ್ವಾ?

ಗ್ಲಾಸಿಗೆ ಮೂರನೇ ಒಂದು ಭಾಗ ಹಾಕಿ, ಮೆಲ್ಲಗೆ ತಿರುಗಿಸಿ ಮೂಸಿ ನೋಡಿ. ಕಪ್ಪು ಹಣ್ಣುಗಳ ವಾಸನೆ ಬರಬೇಕು. ಕಾಳುಮೆಣಸಿನ ವಾಸನೆ ಬಂದರೆ ಅದು ನಿಮ್ಮ ಭ್ರಮೆಯಲ್ಲ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ನನಗೆ ಈ ದ್ರಾಕ್ಷಿ ಇಷ್ಟವಾಗುವುದೇ ಅದಕ್ಕೆ. ಒದ್ದೆ ರಟ್ಟಿನ ವಾಸನೆಯೋ ವಿನೆಗರ್ ವಾಸನೆಯೋ ಬಂದರೆ ವೈನ್ ಕೆಟ್ಟಿದೆ.

ಈಗ ಒಂದು ಗುಟುಕು. ಬಾಯೆಲ್ಲ ಆಡಿಸಿ ನುಂಗಿ, ಆಮೇಲೆ ಸುಮ್ನೆ ಇರಿ. ನಿಜವಾದ ತೀರ್ಮಾನ ಇಲ್ಲೇ ಆಗುವುದು. ಒಗರು ಇಳಿದ ಮೇಲೂ ಹಣ್ಣು, ಮೆಣಸು ಬಾಯಲ್ಲಿ ಉಳಿದರೆ ಒಳ್ಳೆಯ ವೈನ್. ಹಣ್ಣು ತಕ್ಷಣ ಮಾಯವಾಗಿ ಒಗರು, ಗಂಟಲ ಉರಿ ಮಾತ್ರ ನಿಂತರೆ ಸಾಧಾರಣ ಮಾಲು, ಬೆಲೆ ಎಷ್ಟೇ ಇರಲಿ. ಕಡು ಬಣ್ಣ, ಭಾರದ ಬಾಟಲ್ ನೋಡಿ ಮರುಳಾಗಬೇಡಿ.

ಊಟದ ಜೊತೆಗೂ ಒಮ್ಮೆ ನೋಡಿ. ಬನ್ನೂರು ಕುರಿಯ ಕೊಬ್ಬಿರುವ ಮಾಂಸವನ್ನು ಖಾರ ಕಡಿಮೆ ಹಾಕಿ ಹುರಿದರೆ ಒಗರು ಎಷ್ಟು ಮೆತ್ತಗಾಗುತ್ತದೆ ಅಂತ ಗೊತ್ತಾಗುತ್ತದೆ. ಖಾರದ ಸಾರಿನ ಜೊತೆ ಬೇಡ, ಮೆಣಸಿನಕಾಯಿ ಉರಿಗೆ ಆಲ್ಕೋಹಾಲ್ ಉರಿಯೂ ಸೇರುತ್ತದೆ.

ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನ ಮತ್ತೆ ರುಚಿ ನೋಡಿ. ಗಾಳಿ ತಾಗಿಯೂ ಹಣ್ಣು ಹಾಗೇ ಇದ್ದರೆ ಧೈರ್ಯವಾಗಿ ಇನ್ನೊಂದು ಬಾಟಲ್ ತನ್ನಿ.