ನೈಸರ್ಗಿಕ ಕಾನೂನು ಅನ್ನುವ ಹಳೇ ಸಿದ್ಧಾಂತ ಇವತ್ತಿಗೂ ಯಾಕೆ ಬೇಕು?

ಸರ್ಕಾರ ಮಾಡಿದ ಕಾನೂನೇ ಅನ್ಯಾಯ ಅಂತ ಹೇಳಬೇಕಾದರೆ ಅದರಾಚೆಗಿನ ಅಳತೆಗೋಲು ಬೇಕು, ಅದಕ್ಕೇ. ಕೆಲವು ಸರಿ-ತಪ್ಪುಗಳನ್ನು ಯಾವ ಶಾಸನಸಭೆಯೂ ಕೊಟ್ಟಿದ್ದಲ್ಲ, ಮನುಷ್ಯ ತನ್ನ ವಿವೇಕದಿಂದಲೇ ಅವನ್ನು ಅರಿಯಬಲ್ಲ ಅನ್ನುವುದೇ ಈ ಸಿದ್ಧಾಂತ.

ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ 1945ರಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯನ್ನೇ ನೋಡಿ. ಮೇಲಿನವರ ಆಜ್ಞೆ ಪಾಲಿಸಿದೆವು ಅಂತ ನಾಜಿ ಆರೋಪಿಗಳು ವಾದಿಸಿದರು, ಅವರ ಎಷ್ಟೋ ಕ್ರೌರ್ಯಕ್ಕೆ ಅವರದೇ ದೇಶದ ಕಾನೂನಿನ ಬೆಂಬಲವೂ ಇತ್ತು, ಆದರೆ ಆ ಕಾನೂನು ಒಪ್ಪಲಿ ಬಿಡಲಿ, ಇವು ಮಾನವೀಯತೆಯ ವಿರುದ್ಧದ ಅಪರಾಧಗಳೇ ಎಂದು ವಿಚಾರಣೆ ನಡೆಸಿದ ನ್ಯಾಯಮಂಡಳಿಯ ಸನ್ನದು, ಅಂದರೆ ಅದನ್ನು ಸ್ಥಾಪಿಸಿದ ದಾಖಲೆ, ಹೇಳಿತ್ತು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯಲ್ಲೂ ಇದೇ ದನಿ ಇದೆ: ಹುಟ್ಟಿನಿಂದಲೇ ಎಲ್ಲರೂ ಸಮಾನರು.

ಆದರೆ ಸರ್ಕಾರದ ಕಾನೂನಿಗಿಂತ ಮೇಲಿನದಾದ ಈ ನೈಸರ್ಗಿಕ ಕಾನೂನು ಏನು ಹೇಳುತ್ತದೆ ಅಂತ ತೀರ್ಮಾನಿಸುವವರು ಯಾರು? ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಒಬ್ಬೊಬ್ಬರು ಒಂದೊಂದು ಅರ್ಥ ಹೇಳದಿರಲಿ ಅಂತ ಅನೇಕ ದೇಶಗಳು ಮೂಲಭೂತ ಹಕ್ಕುಗಳನ್ನು ಸಂವಿಧಾನದಲ್ಲೇ ಬರೆದಿಟ್ಟಿರುವುದಕ್ಕೆ ಇದೂ ಒಂದು ಕಾರಣ.