ಪ್ರಪೋಸಲ್ ಬರೆಯುವುದು ಭಿಕ್ಷೆಯಲ್ಲ

ಪತ್ರ: ಪಿಎಚ್‌ಡಿ ಹುಡುಗರಿಗೆ ಪ್ರಾಜೆಕ್ಟ್ ಪ್ರಪೋಸಲ್ ಬರೆಯೋದು, ದುಡ್ಡು ಮಂಜೂರು ಮಾಡುವ ಕಮಿಟಿ ಮುಂದೆ ಪಿಪಿಟಿ ತೋರಿಸೋದು ಕಲಿಸಬೇಕಂತೆ. ಅವರು ಕಲಿಯಬೇಕಾದ್ದು ವಿಜ್ಞಾನವೋ, ದುಡ್ಡು ಕೇಳುವ ಕಲೆಯೋ? ನಾನು ಎರಡು ಪ್ರಾಜೆಕ್ಟ್ ತಂದವನು. ನನಗೆ ಯಾರೂ ಕಲಿಸಿರಲಿಲ್ಲ.
– ನಿವೃತ್ತ ಪ್ರಾಧ್ಯಾಪಕ, ಕಲಬುರಗಿ

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಚಂದದ ಸ್ಲೈಡಿಗೆ ದುಡ್ಡು ಸಿಕ್ಕು, ಒಳ್ಳೆ ಕೆಲಸ ಕಪಾಟಿನಲ್ಲೇ ಉಳಿದದ್ದುಂಟು. ಅಷ್ಟು ಒಪ್ಪಿದೆ. ಉಳಿದದ್ದಕ್ಕೆ ಜಗಳ ಇದೆ.

ನಮ್ಮ ತೊಗರಿಯನ್ನೇ ತಗೊಳ್ಳಿ. ನೆಟೆ ರೋಗ ಬಂದ ಗಿಡದ ಕಾಂಡ ಸೀಳಿದರೆ ತೊಗಟೆ ಕೆಳಗೆ ಕಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ನೀರಿನ ದಾರಿ ಕಟ್ಟಿರುತ್ತದೆ. 1986ರಲ್ಲಿ ಬಂದ ಮಾರುತಿ ತಳಿ ಅದನ್ನು ತಡೆದುಕೊಂಡಿತು, ಗಿಡ ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗದ ಮುಂದೆ ಸೋತಿತು. ಆಳಂದದ ಹುಡುಗಿಯೊಬ್ಬಳು ಇದರ ಮೇಲೆ ಕೆಲಸ ಮಾಡುತ್ತಾಳೆ ಅನ್ನಿ. ‘ಕಲಬುರಗಿ ಜಿಲ್ಲೆಯ ತೊಗರಿ ರೋಗಗಳು: ಒಂದು ಅಧ್ಯಯನ’ ಅಂದರೆ ಥೀಸಿಸ್‌ಗೆ ನಡೆಯುತ್ತದೆ. ಕಮಿಟಿ ಬಿಡುವುದಿಲ್ಲ. ಯಾವ ಊರಿನ ಹೊಲ? ಎಷ್ಟು ಹಂಗಾಮು? ಮಳೆ ಕೈಕೊಟ್ಟರೆ ಏನು ಮಾಡ್ತೀ? ಯಾವ ಫಲಿತಾಂಶ ಬಂದರೆ ನಿನ್ನ ಊಹೆ ತಪ್ಪು ಅಂತ ಒಪ್ಪುತ್ತೀ? ಈ ಕೊನೇ ಪ್ರಶ್ನೆ ವಿಜ್ಞಾನದ್ದೇ ಅಲ್ವಾ ಸರ್? ಬಜೆಟ್ಟೂ ಅಷ್ಟೇ. ಎಷ್ಟು ಮಣ್ಣಿನ ಮಾದರಿ, ಒಂದಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕದವರು ಪ್ರಯೋಗವನ್ನೇ ಪೂರ್ತಿ ಯೋಚಿಸಿಲ್ಲ.

ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಗೆ ಅರ್ಜಿ ಹಾಕುವವರು ತಮ್ಮ ಗುರಿಗಳನ್ನೆಲ್ಲ ಒಂದೇ ಪುಟದಲ್ಲಿ ಹೇಳಿ ಮುಗಿಸಬೇಕು. ನಮ್ಮ ಸಿನಾಪ್ಸಿಸ್‌ಗಳಲ್ಲಿ ಒಂದು ಪುಟ ಪೀಠಿಕೆಗೇ ಸಾಲದು.

ಇಲ್ಲಿನ ಒಂದು ಪ್ರೆಸೆಂಟೇಷನ್‌ನಲ್ಲಿ ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ಹುಡುಗ ಜಗತ್ತಿನ ಬೇಳೆಕಾಳು ಉತ್ಪಾದನೆಯಿಂದ ಶುರು ಮಾಡಿದ. ಆಮೇಲೆ ಭಾರತದ ನಕ್ಷೆ, ಕರ್ನಾಟಕದ ನಕ್ಷೆ. ಸ್ವಂತ ಕೆಲಸಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಹೊರಗೆ ಚಹಾ ಕುಡಿಯುತ್ತಾ ಅದೇ ಹುಡುಗ, ಯಾವ ಹೊಲದಲ್ಲಿ ಗಿಡ ಯಾಕೆ ಒಣಗಿತು ಅಂತ ನನಗೆ ಪಟಪಟ ಹೇಳಿದ! ವಿಷಯ ಗೊತ್ತಿತ್ತು. ಗೈಡ್ ಮುಂದೆ ‘ಹೌದು ಸರ್’ ಅನ್ನುವುದು ಬಿಟ್ಟು ಬೇರೆ ಮಾತು ಅಭ್ಯಾಸ ಆಗಿರಲಿಲ್ಲ.

ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಕ್ಲಾಸು ಬೇಕಿಲ್ಲ. ಸೀನಿಯರ್‌ಗಳ ಅರ್ಜಿ ಕೈಗೆ ಸಿಗುತ್ತದೆ, ಕ್ಯಾಂಟೀನಲ್ಲೇ ಅರ್ಧ ಪಾಠ ಆಗುತ್ತದೆ. ನಮಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ತಂದ ಸಂವಿಧಾನದ 371ಜೆ ವಿಧಿ ಸೀಟು ಕೊಟ್ಟಿತು, ನೌಕರಿ ಕೊಟ್ಟಿತು. ಆದರೆ ಆ ಮೀಸಲಾತಿ ದಿಲ್ಲಿಯ ಕಮಿಟಿ ಬಾಗಿಲ ತನಕ ಬರುವುದಿಲ್ಲ. ಅಲ್ಲಿ ನಮ್ಮ ಮಕ್ಕಳು ಬಾಯಿಬಿಟ್ಟೇ ಗೆಲ್ಲಬೇಕು. ಹಿಂದುಳಿದ ಪ್ರದೇಶ ಅಂತ ನಾವು ಭಾಷಣ ಮಾಡುತ್ತಲೇ ಇದ್ದೇವೆ. ಕಟ್ಟಡ ಕಟ್ಟುತ್ತೇವೆ, ಗುದ್ದಲಿ ಪೂಜೆಗೆ ಮಂತ್ರಿಗಳನ್ನು ಕರೆಯುತ್ತೇವೆ. ಒಬ್ಬ ವಿದ್ಯಾರ್ಥಿಯ ಡ್ರಾಫ್ಟಿಗೆ ಕೆಂಪು ಪೆನ್ನು ಹಿಡಿದು ಕೂರಲು ಮಾತ್ರ ಯಾರಿಗೂ ಟೈಮಿಲ್ಲ.

ನಿಮಗೆ ಯಾರೂ ಕಲಿಸಲಿಲ್ಲ, ಆದರೂ ಎರಡು ಪ್ರಾಜೆಕ್ಟ್ ತಂದಿರಿ. ದೊಡ್ಡ ಮಾತೇ ಸರ್, ಸುಮ್ನೆ ಹೊಗಳುತ್ತಿಲ್ಲ. ಆ ಅರ್ಜಿಗಳು ಈಗ ಎಲ್ಲಿವೆ? ನಿಮ್ಮ ಒಬ್ಬ ವಿದ್ಯಾರ್ಥಿಗಾದರೂ ಓದಲು ಕೊಟ್ಟಿದ್ದಿರಾ?

– ಸಂ.